ಹುಡಗಿಯ ಮಾಳಿಗೆಯಿಂದ ಕಾಣುವ ಚುಕ್ಕಿ

ನಮ್ಮ ಊರಿನ ಹೆಸರು ಹುಡಗಿ. ಸ್ವಲ್ಪ ನಿಧಾನವಾಗಿ ಓದಿ. ‘ಹುಡುಗಿ’ ಅಲ್ಲ, ಹುಡಗಿ. ‘ಡ’ ಅಕ್ಷರಕ್ಕೆ ಕೊಂಬಿಲ್ಲ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ರಜೆ ಅರ್ಜಿಯಲ್ಲಿ ‘ತುರ್ತಾಗಿ ಹುಡಗಿಗೆ ಹೋಗಬೇಕಾಗಿದೆ’ ಎಂದು ಬರೆದರೆ ದಕ್ಷಿಣದ ಕಡೆಯ ಸಹೋದ್ಯೋಗಿಗಳು ಅದನ್ನು ಇಡೀ ಶಾಖೆಗೆ ಓದಿ ಹೇಳುತ್ತಿದ್ದರು. ನಾನೂ ನಗುತ್ತಿದ್ದೆ. ಊರ ಹೆಸರನ್ನು ಯಾರೂ ಮರೆಯುತ್ತಿರಲಿಲ್ಲವಲ್ಲ, ಅಷ್ಟೇ ಲಾಭ.

ಹುಡಗಿ ಇರುವುದು ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನಲ್ಲಿ. ಬಸವಕಲ್ಯಾಣವೂ ದೂರವಲ್ಲ. ಈ ಸೀಮೆಗೆ ಬರುವವರು ಹುಮನಾಬಾದಿನಲ್ಲಿ ವೀರಭದ್ರೇಶ್ವರನಿಗೆ ಕೈಮುಗಿಯುತ್ತಾರೆ, ಮಾಣಿಕನಗರದಲ್ಲಿ ಮಾಣಿಕಪ್ರಭುಗಳ ದರ್ಶನ ಮಾಡುತ್ತಾರೆ, ಬಸವಕಲ್ಯಾಣದಲ್ಲಿ ಕೋಟೆ ನೋಡಿ ಫೋಟೊ ತೆಗೆದುಕೊಂಡು ಮರಳುತ್ತಾರೆ. ಹುಡಗಿಯಲ್ಲಿ ಬಸ್ಸಿನಿಂದ ಇಳಿಯುವವರು ನೆಂಟರು ಮಾತ್ರ. ತೊಗರಿ, ಉದ್ದು, ಸೋಯಾ, ಕಬ್ಬು, ಹಿಂಗಾರಿಗೆ ಬಿಳಿಜೋಳ. ಹಳೆಯ ಮನೆಗಳಿಗೆ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ಒಳಗೆ ಮಲಗಲು ಆಗುವುದಿಲ್ಲ. ಸಂಜೆ ಮಾಳಿಗೆಗೆ ಎರಡು ಕೊಡ ನೀರು ಚಿಮುಕಿಸಿ, ಅದು ಆರಿದ ಮೇಲೆ ಹಾಸಿಗೆ ಹಾಸುತ್ತೇವೆ. ಅಂಗಾತ ಮಲಗಿದರೆ ಆಕಾಶವಲ್ಲದೆ ಬೇರೇನೂ ಕಾಣುವುದಿಲ್ಲ. ನಾನು ನಿಮಗೆ ತೋರಿಸಬೇಕೆಂದಿರುವುದು ಅದನ್ನೇ.

ಮೇ ತಿಂಗಳ ರಾತ್ರಿ ಹತ್ತು ಗಂಟೆಗೆ ಉತ್ತರಕ್ಕೆ ನೋಡಿ. ಸಪ್ತರ್ಷಿ ಮಂಡಲ ಸುಲಭವಾಗಿ ಸಿಗುತ್ತದೆ. ಅದರ ಬಾಲ ಬಾಗಿದ ದಿಕ್ಕಿನಲ್ಲೇ ಕಣ್ಣು ಓಡಿಸಿದರೆ ನೆತ್ತಿಯ ಹತ್ತಿರ ಕೇಸರಿ ಬಣ್ಣದ ಒಂದು ದೊಡ್ಡ ಚುಕ್ಕಿ ಸಿಗುತ್ತದೆ, ಅದು ಸ್ವಾತಿ. ಸ್ವಾತಿಯಿಂದ ಪೂರ್ವಕ್ಕೆ ಸ್ವಲ್ಪ ಸರಿದರೆ ಒಡೆದ ಬಳೆಯ ತುಂಡಿನಂತೆ ಅರ್ಧವೃತ್ತದಲ್ಲಿ ಕೂತ ಚಿಕ್ಕ ಚುಕ್ಕಿಗಳು. ಅದಕ್ಕೆ ಉತ್ತರ ಕಿರೀಟ ಎಂದು ಹೆಸರು. ಅದರಲ್ಲಿ ಎಲ್ಲಕ್ಕಿಂತ ಹೊಳೆಯುವ ಚುಕ್ಕಿ ಅಲ್ಫೆಕ್ಕಾ. ಅರಬ್ಬಿಯಲ್ಲಿ ಹಾಗೆಂದರೆ ಒಡೆದದ್ದು ಎಂದೇ ಅರ್ಥವಂತೆ, ಅಂದರೆ ನನ್ನ ಬಳೆಯ ಹೋಲಿಕೆ ಹೊಸದೇನಲ್ಲ. ರಜೆಗೆ ಬಂದಿರುವ ನನ್ನ ಮೊಮ್ಮಗಳಿಗೆ ಆ ಬಳೆಯಲ್ಲಿ ಏಳು ಚುಕ್ಕಿ ಕಾಣುತ್ತವೆ. ಎಡಗಣ್ಣಿನ ಪೊರೆ ತೆಗೆಸಿಕೊಂಡು ಬಲಗಣ್ಣಿನದನ್ನು ಇನ್ನೂ ಉಳಿಸಿಕೊಂಡಿರುವ ನನಗೆ ನಾಲ್ಕು.

ಎಂಟನೆಯದೊಂದು ಆ ಬಳೆಯ ಪಕ್ಕದಲ್ಲೇ ಇದೆ. ಅದು ಇಬ್ಬರಿಗೂ ಕಾಣುವುದಿಲ್ಲ. ನಾವು ಕಾಯುತ್ತಿರುವುದು ಅದಕ್ಕೇ.

ಅದರ ಹೆಸರು ಟಿ ಕರೋನೆ ಬೊರಿಯಾಲಿಸ್. ನಾವು ಮನೆಯಲ್ಲಿ ‘ಟಿ’ ಎಂದಷ್ಟೇ ಕರೆಯುತ್ತೇವೆ. ಸುಮಾರು 3,000 ಜ್ಯೋತಿರ್ವರ್ಷ ದೂರದಲ್ಲಿದೆ. ದೂರದಿಂದ ಒಂದೇ ಚುಕ್ಕಿಯಂತೆ ಕಂಡರೂ ಅಲ್ಲಿರುವುದು ಎರಡು ನಕ್ಷತ್ರ. ಒಂದು ಉಬ್ಬಿ ಕೆಂಪಾದ ಮುದಿ ನಕ್ಷತ್ರ. ಇನ್ನೊಂದು ಉರಿದು ಮುಗಿದು ಕುಗ್ಗಿದ ಬಿಳಿ ಕುಬ್ಜ. ಗಾತ್ರ ನಮ್ಮ ಭೂಮಿಯಷ್ಟು, ತೂಕ ಮಾತ್ರ ಸೂರ್ಯನಿಗಿಂತ ಹೆಚ್ಚು. ಎರಡೂ ಸುಮಾರು 228 ದಿನಕ್ಕೊಮ್ಮೆ ಒಂದನ್ನೊಂದು ಸುತ್ತುತ್ತವೆ. ಸುತ್ತುವಾಗ ಕುಬ್ಜವು ದೈತ್ಯನ ಮೈಮೇಲಿನ ಅನಿಲವನ್ನು ಸ್ವಲ್ಪ ಸ್ವಲ್ಪವೇ ಎಳೆದು ತನ್ನ ಮೇಲೆ ಕೂಡಿಹಾಕಿಕೊಳ್ಳುತ್ತದೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ರಿಕರಿಂಗ್ ಡಿಪಾಜಿಟ್. ಸುಮಾರು 80 ವರ್ಷಕ್ಕೆ ಅದು ಮೆಚ್ಯೂರ್ ಆಗುತ್ತದೆ. ಕೂಡಿದ ಅನಿಲವೆಲ್ಲ ಒಮ್ಮೆಗೇ ಹೈಡ್ರೋಜನ್ ಬಾಂಬಿನಂತೆ ಹೊತ್ತಿಕೊಳ್ಳುತ್ತದೆ. ದುರ್ಬೀನು ಇಲ್ಲದೆ ಕಾಣದಿದ್ದ ಚುಕ್ಕಿ ಕೆಲವೇ ಗಂಟೆಗಳಲ್ಲಿ ಅಲ್ಫೆಕ್ಕಾದಷ್ಟು ಬೆಳಗುತ್ತದೆ. ಒಂದು ವಾರ ಬರಿಗಣ್ಣಿಗೆ ಕಂಡು ಮತ್ತೆ ಮಾಯ. ಮರುದಿನದಿಂದ ಹೊಸ ಖಾತೆ ಆರಂಭ. ಇಂಥದ್ದಕ್ಕೆ ನೋವಾ ಎನ್ನುತ್ತಾರೆ. ಸೂಪರ್‌ನೋವಾ ಬೇರೆ. ಅದರಲ್ಲಿ ನಕ್ಷತ್ರವೇ ಸಿಡಿದು ಚೂರಾಗುತ್ತದೆ. ಖಾತೆ ಕ್ಲೋಸ್.

‘ಟಿ’ 1866ರ ಮೇ ತಿಂಗಳಲ್ಲಿ ಹೀಗೆ ಬೆಳಗಿತ್ತು. ಆಮೇಲೆ 1946ರ ಫೆಬ್ರವರಿಯಲ್ಲಿ. ಲೆಕ್ಕ ನೀವೇ ಹಾಕಿ. ಇದನ್ನು ಬರೆಯುತ್ತಿರುವ 2025ರ ಮೇ ತಿಂಗಳವರೆಗೆ ಅದು ಬಂದಿಲ್ಲ. ನಾಳೆ ಬರಬಹುದು, ಇನ್ನೊಂದೆರಡು ವರ್ಷ ಸತಾಯಿಸಲೂಬಹುದು. ನಕ್ಷತ್ರಕ್ಕೆ ಡ್ಯೂ ಡೇಟ್ ಹೇಳುವವರಾರು?

ಮೊಮ್ಮಗಳಿಗೆ ಒಂದು ನೋಟ್‌ಬುಕ್ ಕೊಟ್ಟಿದ್ದೇನೆ. ತಾರೀಖು, ಗಂಟೆ, ಆಕಾಶ ಹೇಗಿತ್ತು, ‘ಟಿ’ ಕಂಡಿತೇ ಎಂದು ನಾಲ್ಕು ಕಾಲಂ. ಹದಿನೈದು ದಿನ ‘ಇಲ್ಲ’, ‘ಇಲ್ಲ’ ಎಂದು ಬರೆದು ಅವಳಿಗೆ ಸಾಕಾಯಿತು. “ಅಜ್ಜಾ, ಬಂದ ದಿನ ಬರದ್ರ ಸಾಲದೇನು? ಇಲ್ಲ ಅಂತ ದಿನಾ ಯಾಕ ಬರೀಬೇಕು?” ಎಂದಳು. ನಾನು ನಿಲ್ ರಿಪೋರ್ಟಿನ ಕಥೆ ಹೇಳಿದೆ. ಶಾಖೆಯಲ್ಲಿ ಏನೂ ನಡೆಯದಿದ್ದರೂ ‘ಏನೂ ಇಲ್ಲ’ ಎಂದು ಮೇಲಿನ ಕಚೇರಿಗೆ ತಿಳಿಸಬೇಕಾದ ಪಟ್ಟಿಗಳು ಹಲವು ಇರುತ್ತವೆ. ಹೊಸಬರೆಲ್ಲ ಇದು ಕಾಗದ ದಂಡ ಎಂದುಕೊಳ್ಳುತ್ತಾರೆ. ಆದರೆ ಪಟ್ಟಿ ಬರದಿದ್ದರೆ ಏನೂ ನಡೆದಿಲ್ಲವೋ, ಯಾರೂ ನೋಡಿಲ್ಲವೋ ಮೇಲಿನವರಿಗೆ ತಿಳಿಯುವುದು ಹೇಗೆ? ನಿನ್ನೆ ರಾತ್ರಿ ಹನ್ನೊಂದಕ್ಕೆ ಇರಲಿಲ್ಲ, ಇವತ್ತು ಮೂರಕ್ಕೆ ಇದೆ ಎಂದು ಇಬ್ಬರು ಬರೆದರೆ ಮಾತ್ರ ಸಿಡಿದದ್ದು ಯಾವಾಗ ಎಂಬುದು ಗೊತ್ತಾಗುತ್ತದೆ. ಹೊಸ ನಕ್ಷತ್ರ ಹುಡುಕುವವರ ಕೆಲಸದ ಬಹುಪಾಲು ಈ ‘ಇಲ್ಲ’ಗಳೇ.

ಅಮೆರಿಕದ ಒಹಾಯೊ ಪ್ರಾಂತ್ಯದಲ್ಲಿ ಲೆಸ್ಲಿ ಪೆಲ್ಟಿಯರ್ ಎಂಬ ರೈತರ ಮನೆಯ ಹವ್ಯಾಸಿಯೊಬ್ಬರಿದ್ದರು. ಹನ್ನೆರಡು ಧೂಮಕೇತುಗಳನ್ನು ಕಂಡುಹಿಡಿದ ಗಟ್ಟಿಗ. ಇದೇ ‘ಟಿ’ಯನ್ನು ಇಪ್ಪತ್ತೈದು ವರ್ಷ ಬಿಡದೆ ಕಾದಿದ್ದರು. 1946ರ ಫೆಬ್ರವರಿಯ ಒಂದು ರಾತ್ರಿ ಎರಡೂವರೆಗೆ ಅಲಾರಂ ಇಟ್ಟು ಎದ್ದರು. ಗಂಟಲು ಕೆರೆತ, ನೆಗಡಿಯ ಲಕ್ಷಣ. ಇವತ್ತೊಂದು ದಿನ ಬೇಡ ಎಂದು ಮತ್ತೆ ಮಲಗಿದರು. ‘ಟಿ’ ಆ ರಾತ್ರಿಯೇ ಸಿಡಿದಿತ್ತು! ಅತ್ತ ಸೋವಿಯತ್ ದೇಶದಲ್ಲಿ ಕಮೆಂಚುಕ್ ಎಂಬ ರೈಲುಹಳಿ ಕಾಯುವವನೊಬ್ಬ ಅದನ್ನು ಬರಿಗಣ್ಣಿನಿಂದಲೇ ಕಂಡು ಸುದ್ದಿ ಮುಟ್ಟಿಸಿದ. ಹಳಿ ಕಾಯುವವನಿಗೆ ಉತ್ತರ ಕಿರೀಟದಲ್ಲಿ ಎಷ್ಟು ಚುಕ್ಕಿ ಇರಬೇಕೆಂದು ಗೊತ್ತಿತ್ತು, ನೋಡಿ. ಅದು ನನಗೆ ಬಹಳ ಇಷ್ಟವಾದ ಸಂಗತಿ.

ಇಲ್ಲಿ ಹುಡಗಿಯಲ್ಲಿ? ಆಗ ನಾನಿನ್ನೂ ಹುಟ್ಟಿರಲಿಲ್ಲ. ಊರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಫೆಬ್ರವರಿ ಎಂದರೆ ಬಿಳಿಜೋಳ ತೆನೆಗಟ್ಟಿ ಬಲಿಯುವ ಕಾಲ. ಹೊಲದಲ್ಲಿ ಅಟ್ಟಣೆ ಕಟ್ಟಿ, ಕಂಬಳಿ ಹೊದ್ದು, ಹಂದಿ ಬಾರದಂತೆ ರಾತ್ರಿಯೆಲ್ಲ ಕೂಗು ಹಾಕುತ್ತ ಕೂರುತ್ತಿದ್ದರು. ನಮ್ಮಪ್ಪನೂ ಆ ವಯಸ್ಸಿನಲ್ಲಿ ಹಾಗೆ ಕೂತವರೇ. ಫೆಬ್ರವರಿಯಲ್ಲಿ ಉತ್ತರ ಕಿರೀಟ ಮೂಡುವುದು ನಡುರಾತ್ರಿಯ ಸುಮಾರಿಗೆ. ಬೆಳಗಿನ ನಾಲ್ಕಕ್ಕೆ ಪೂರ್ವದಲ್ಲಿ ಚೆನ್ನಾಗಿ ಮೇಲೇರಿರುತ್ತದೆ. ಅಂದರೆ ಆ ವಾರ ಮೋಡವಿರದಿದ್ದರೆ ಜೋಳ ಕಾಯುತ್ತಿದ್ದ ಪ್ರತಿಯೊಬ್ಬರ ಕಣ್ಣೆದುರಿಗೂ ಅದು ಇತ್ತು. ಅವರು ಚುಕ್ಕಿ ನೋಡಿಯೇ ಹೊತ್ತು ಹೇಳುತ್ತಿದ್ದವರು, ಗಡಿಯಾರ ಇರಲಿಲ್ಲ. ಯಾರೋ ಒಬ್ಬರು ‘ಇದೇನಿದು ಹೊಸದು’ ಎಂದು ಹುಬ್ಬೇರಿಸಿದ್ದಿದ್ದರೂ ಆ ಮಾತು ಜೋಳದ ಕಣದ ಆಚೆ ಹೋಗುವ ದಾರಿ ಇರಲಿಲ್ಲ. ಮರುವರ್ಷದಿಂದ ಊರಿನವರಿಗೆ ಆಕಾಶಕ್ಕಿಂತ ದೊಡ್ಡ ಚಿಂತೆಗಳು ಬಂದವು. ಅದು ಬೇರೆ ಕಥೆ.

ಇನ್ನೂ ಹಿಂದೆ ಹೋದರೆ ನಮ್ಮ ಪಕ್ಕದ ಬಸವಕಲ್ಯಾಣವೇ ಬರುತ್ತದೆ. ಕಲ್ಯಾಣವನ್ನು ರಾಜಧಾನಿ ಮಾಡಿಕೊಂಡವನು ಚಾಲುಕ್ಯರ ಒಂದನೆಯ ಸೋಮೇಶ್ವರ, ಆಹವಮಲ್ಲ ಎಂಬ ಬಿರುದಿನವನು. ಅವನು ಆಳುತ್ತಿದ್ದಾಗ, 1054ರ ಜುಲೈ 4ರಂದು, ವೃಷಭ ರಾಶಿಯಲ್ಲಿ ಹೊಸದೊಂದು ನಕ್ಷತ್ರ ಕಾಣಿಸಿತು. ಅದು ಸೂಪರ್‌ನೋವಾ. ಚೀನಾದ ಅರಮನೆಯ ಜೋಯಿಸರು ಅದನ್ನು ‘ಅತಿಥಿ ನಕ್ಷತ್ರ’ ಎಂದು ಕರೆದು ದಿನಚರಿಯಲ್ಲಿ ಬರೆದಿಟ್ಟರು. 23 ದಿನ ಹಾಡಹಗಲಲ್ಲೇ ಕಾಣುತ್ತಿತ್ತು. ರಾತ್ರಿಯಲ್ಲಿ ಕಂಡದ್ದು 1056ರ ಏಪ್ರಿಲ್ ತನಕ, ಹತ್ತಿರ ಹತ್ತಿರ ಎರಡು ವರ್ಷ! ಜುಲೈ ನಮ್ಮಲ್ಲಿ ಮಳೆಗಾಲ, ಮೋಡ ಮುಚ್ಚಿರಬಹುದು ಎನ್ನೋಣ. ಆದರೆ ದೀಪಾವಳಿ, ಸಂಕ್ರಾಂತಿಗಳ ಹೊತ್ತಿಗೂ ಅದು ಬರಿಗಣ್ಣಿಗೆ ಕಾಣುತ್ತಲೇ ಇತ್ತು. ಕಲ್ಯಾಣದ ಕೋಟೆಯ ಮೇಲೆ ರಾತ್ರಿ ಪಹರೆಯವರು ಇರಲಿಲ್ಲವೇ?

ಚಾಲುಕ್ಯರ ಶಾಸನಗಳಲ್ಲಿ ಸೂರ್ಯಗ್ರಹಣ, ಚಂದ್ರಗ್ರಹಣ, ಉತ್ತರಾಯಣ ಸಂಕ್ರಾಂತಿಗಳು ಮತ್ತೆ ಮತ್ತೆ ಬರುತ್ತವೆ. ಕಾರಣ, ಅವು ದಾನ ಕೊಡುವ ಪುಣ್ಯಕಾಲಗಳು. ದಾನದ ಪತ್ರಕ್ಕೆ ತಾರೀಖು ಬೇಕು, ಆದ್ದರಿಂದ ಗ್ರಹಣ ಕಲ್ಲಿಗೇರಿತು. ಮುನ್ಸೂಚನೆ ಇಲ್ಲದೆ ಬಂದ ಅತಿಥಿಗೆ ಯಾವ ದಾನದ ಲೆಕ್ಕವೂ ಇರಲಿಲ್ಲ ಎಂಬುದು ನನ್ನ ಊಹೆ. ಗುಮಾಸ್ತನ ಊಹೆ, ಇತಿಹಾಸಕಾರರು ಕೋಪಿಸಿಕೊಳ್ಳಬಾರದು. ಆ ಸಿಡಿತದ ಹೊಗೆ ಇಂದಿಗೂ ಏಡಿ ನೀಹಾರಿಕೆ ಎಂಬ ಹೆಸರಿನಿಂದ ಅಲ್ಲೇ ಹರಡುತ್ತಿದೆ. ಚಳಿಗಾಲದಲ್ಲಿ ಸಣ್ಣ ದೂರದರ್ಶಕದಲ್ಲೂ ಮಸುಕಾಗಿ ಕಾಣುತ್ತದೆ.

ನಕ್ಷತ್ರದ ಬೆಳಕನ್ನು ಅಳೆಯುವುದು ಹೇಗೆ ಎಂದು ಮಕ್ಕಳು ಕೇಳುತ್ತೀರಿ. ಮೊದಲು ಅಂಕಿಯ ವಿಚಾರ. ಇದು ಮಾರ್ಕ್ಸ್ ಅಲ್ಲ, ರ‍್ಯಾಂಕ್. ಅಂಕಿ ಚಿಕ್ಕದಾದಷ್ಟೂ ಬೆಳಕು ಹೆಚ್ಚು. ಅಲ್ಫೆಕ್ಕಾ 2.2. ಕತ್ತಲ ಊರಿನಲ್ಲಿ ಒಳ್ಳೆಯ ಕಣ್ಣಿಗೆ 6ರವರೆಗೆ ಕಾಣುತ್ತದೆ. ‘ಟಿ’ ಸಾಮಾನ್ಯ ದಿನಗಳಲ್ಲಿ 10, ಸಿಡಿದಾಗ ಸುಮಾರು 2. ಬೆಳಕು ಹೆಚ್ಚು ಕಡಿಮೆಯಾಗುವ ನಕ್ಷತ್ರಗಳಿಗೆ ಚಂಚಲ ತಾರೆಗಳು ಎಂದು ಹೆಸರು. ಅಂಥದ್ದನ್ನು ಅಳೆಯಬೇಕಾದರೆ ಅದರ ಅಕ್ಕಪಕ್ಕ ಅಂಕಿ ಗೊತ್ತಿರುವ, ಬದಲಾಗದ ಎರಡು ಚುಕ್ಕಿ ಆರಿಸಿಕೊಳ್ಳಬೇಕು. ಒಂದು ಇದಕ್ಕಿಂತ ತುಸು ಹೊಳಪಿನದು, ಇನ್ನೊಂದು ತುಸು ಮಂಕು. ನಡುವೆ ಇದು ಎಲ್ಲಿ ಕೂರುತ್ತದೆ ಎಂದು ಕಣ್ಣಂದಾಜು ಮಾಡಿ ಬರೆಯುವುದು. ಹಿಂದೆ ಸರಾಫರು ಒಳ್ಳೆಯ ನಾಣ್ಯದ ಪಕ್ಕದಲ್ಲಿಟ್ಟು ಸಂಶಯದ ನಾಣ್ಯವನ್ನು ನೋಡುತ್ತಿದ್ದರಲ್ಲ, ಅದೇ ರೀತಿ.

ಸುಮ್ಮನೆ ಈ ಹೋಲಿಕೆ ತಂದದ್ದಲ್ಲ. ಈಗ ಬಾಂಗ್ಲಾದೇಶದಲ್ಲಿರುವ ಜೆಸ್ಸೋರಿನ ಸರ್ಕಾರಿ ಖಜಾನೆಯಲ್ಲಿ ರಾಧಾ ಗೋವಿಂದ ಚಂದ್ರ ಎಂಬ ನಾಣ್ಯ ಪರೀಕ್ಷಕರಿದ್ದರು. ಮೆಟ್ರಿಕ್‌ಗೆ ಸಮನಾದ ಎಂಟ್ರೆನ್ಸ್ ಪರೀಕ್ಷೆಯಲ್ಲಿ ಮೂರು ಸಲ ಫೇಲ್. ಸೇರಿದಾಗ ಸಂಬಳ ತಿಂಗಳಿಗೆ 15 ರೂಪಾಯಿ. ಹಗಲೆಲ್ಲ ನಾಣ್ಯ, ರಾತ್ರಿಯೆಲ್ಲ ಚುಕ್ಕಿ. ಕೂಡಿಟ್ಟ ಹಣದಲ್ಲಿ ಮೂರು ಇಂಚಿನ ದೂರದರ್ಶಕವೊಂದನ್ನು ತರಿಸಿಕೊಂಡರು. 1918ರ ಜೂನ್‌ನಲ್ಲಿ ಗರುಡ ಮಂಡಲದಲ್ಲಿ ಹೊಸ ನಕ್ಷತ್ರ ಸಿಡಿದಾಗ ಯಾರೂ ಹೇಳದೆ ತಾವೇ ಅದನ್ನು ಕಂಡರು. ಹಾರ್ವರ್ಡ್‌ಗೆ ಬರೆದರು. ಅಲ್ಲಿಂದ ಚಂಚಲ ತಾರೆಗಳ ವೀಕ್ಷಕರ ಅಮೆರಿಕನ್ ಸಂಘಕ್ಕೆ ಸೇರಿ, 37 ಸಾವಿರಕ್ಕೂ ಹೆಚ್ಚು ಅಳತೆಗಳನ್ನು ಬರೆದು ಕಳಿಸಿದರು. ಈ ಮನುಷ್ಯನ ಲೆಡ್ಜರ್ ಶಿಸ್ತು ಕಂಡ ಸಂಘದವರು 1926ರಲ್ಲಿ ಆರು ಇಂಚಿನ ದೂರದರ್ಶಕವನ್ನು ಹಡಗಿನಲ್ಲಿ ಜೆಸ್ಸೋರಿಗೆ ಕಳಿಸಿಕೊಟ್ಟರು. ಕ್ಯಾಶ್ ಕೌಂಟರಿನಲ್ಲಿ ಆಯುಷ್ಯ ಕಳೆದ ನನಗೆ ಅವರ ಹೆಸರು ಓದಿದಾಗಲೆಲ್ಲ ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕೂರಬೇಕೆನಿಸುತ್ತದೆ.

ಇದರ ಮುಂದಿನ ಕಥೆಗಾಗಿ ಹುಮನಾಬಾದಿನಲ್ಲಿ ಹೈದರಾಬಾದ್ ಬಸ್ ಹತ್ತಬೇಕು. ಜಹೀರಾಬಾದ್, ಸಂಗಾರೆಡ್ಡಿ ದಾಟಿ ನಾಲ್ಕು ಗಂಟೆಯ ದಾರಿ. ಹಿಂದೆ ನಮ್ಮವರಿಗೆ ರಾಜಧಾನಿ ಅದೇ. ಬೇಗಂಪೇಟೆಯಲ್ಲಿ ನಿಜಾಮಿಯಾ ವೀಕ್ಷಣಾಲಯ ಇದೆ. ನವಾಬ್ ಜಫರ್ ಜಂಗ್ ಎಂಬ ಶ್ರೀಮಂತ 1901ರಲ್ಲಿ ಸ್ವಂತ ಖುಷಿಗೆ ಆರಂಭಿಸಿದ್ದು. ಅವನು ತೀರಿಕೊಂಡ ಮೇಲೆ 1908ರಲ್ಲಿ ಸಂಸ್ಥಾನದ ಸರ್ಕಾರ ವಹಿಸಿಕೊಂಡಿತು. ಟಿ.ಪಿ. ಭಾಸ್ಕರನ್ ನಿರ್ದೇಶಕರಾಗಿದ್ದ ಕಾಲದಲ್ಲಿ 15 ಇಂಚಿನ ದೊಡ್ಡ ದೂರದರ್ಶಕದಲ್ಲಿ ಚಂಚಲ ತಾರೆಗಳನ್ನು ನೋಡುವ ಕೆಲಸ ನಡೆಯಿತು. ನಮ್ಮ ಊರವರು ಜೋಳ ಕಾಯುತ್ತಿದ್ದ ರಾತ್ರಿಗಳಲ್ಲಿ ಅದೇ ಸಂಸ್ಥಾನದ ಮತ್ತೊಂದು ಮೂಲೆಯಲ್ಲಿ ಚುಕ್ಕಿಗಳ ಖಾತೆ ಬರೆಯುವವರು ಇದ್ದರು ಎಂಬುದು ನನಗೆ ತಿಳಿದದ್ದು ನಿವೃತ್ತಿಯ ನಂತರ. ಹೋಗಿ ನೋಡಿ ಬಂದೆ. ಈಗ ಅಲ್ಲಿ ದೂರದರ್ಶಕದ ಸದ್ದಿಲ್ಲ. ಆವರಣದಲ್ಲಿ ಆರ್ಥಿಕ ಮತ್ತು ಸಾಮಾಜಿಕ ಅಧ್ಯಯನದ ಸಂಸ್ಥೆಯೊಂದಿದೆ. ಬಿ.ಕಾಂ. ಓದಿದ ನನ್ನನ್ನು ಕಾವಲಿನವನು ಅದಕ್ಕೇ ಬಂದವನೆಂದು ತಿಳಿದ. ನಾನು ಗುಮ್ಮಟದ ಕಡೆ ಬೊಟ್ಟು ಮಾಡಿದೆ. ಅವನು ಗುಮ್ಮಟವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ.

ಈ ನಿಜಾಮಿಯಾದಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರ ಮಗ ಅಪ್ಪನ ಜೊತೆ ರಾತ್ರಿ ಹೊತ್ತು ಅಲ್ಲಿಗೆ ಹೋಗಿ ಹೋಗಿ, ವಿದ್ಯಾರ್ಥಿಯಾಗಿದ್ದಾಗಲೇ ಚಂಚಲ ತಾರೆಗಳ ಬಗ್ಗೆ ಲೇಖನ ಬರೆದ. ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಹಾರ್ವರ್ಡ್‌ಗೆ ಹೋಗಿ 1949ರಲ್ಲಿ ಧೂಮಕೇತುವೊಂದನ್ನು ಕಂಡುಹಿಡಿದ. ಅವರೇ ಎಂ.ಕೆ. ವೇಣು ಬಾಪು, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದವರು. ಜೆಸ್ಸೋರಿನ ನಾಣ್ಯ ಪರೀಕ್ಷಕರ ಆರು ಇಂಚಿನ ದೂರದರ್ಶಕ ಕೊನೆಗೆ ಇವರ ಕೈ ಸೇರಿತು. ಈಗ ಅದು ತಮಿಳುನಾಡಿನ ಕಾವಲೂರಿನಲ್ಲಿ, ಬಾಪು ಅವರ ಹೆಸರಿನ ವೀಕ್ಷಣಾಲಯದಲ್ಲಿದೆ.

ಈಗಿನವರ ಕೆಲಸ ನೋಡಬೇಕಾದರೆ ಬೆಂಗಳೂರಿನ ಪಕ್ಕದ ಹೊಸಕೋಟೆಗೆ ಹೋಗಬೇಕು. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದ ಗುಡ್ಡದ ಮೇಲೆ ಎರಡು ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕ ಇದೆ. ಅಲ್ಲಿ ಉಸಿರಾಡುವುದೇ ಕಷ್ಟ. ಹಾಗಾಗಿ ಉಪಗ್ರಹದ ಮೂಲಕ ಹೊಸಕೋಟೆಯಲ್ಲಿ ಕೂತೇ ಅದನ್ನು ತಿರುಗಿಸುತ್ತಾರೆ. ಖಭೌತ ಸಂಸ್ಥೆಯ ಜಿ.ಸಿ. ಅನುಪಮಾ ಮತ್ತು ಅವರ ಸಂಗಡಿಗರು ಸೂಪರ್‌ನೋವಾಗಳ ಬೆಳಕು ದಿನದಿನಕ್ಕೆ ಹೇಗೆ ಇಳಿಯುತ್ತದೆ ಎಂದು ಬರೆದಿಡುತ್ತ ಬಂದಿರುವುದು ಇದರಿಂದಲೇ. 2023ರ ಮೇ 19ರಂದು ಜಪಾನಿನ ಹವ್ಯಾಸಿ ಕೊಯಿಚಿ ಇಟಗಾಕಿ ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿರುವ ನಕ್ಷತ್ರಲೋಕವೊಂದರಲ್ಲಿ ಸೂಪರ್‌ನೋವಾ ಕಂಡುಹಿಡಿದಾಗ ಹಾನ್ಲೆಯ ಕಣ್ಣೂ ಅದರ ಕಡೆ ತಿರುಗಿತು. ದೊಡ್ಡ ಯಂತ್ರ ಇದ್ದರೂ ಮೊದಲು ಕಂಡವರು ಮತ್ತೆ ಹವ್ಯಾಸಿಯೇ!

ನಮಗೆ ಯಂತ್ರ ಬೇಡ. 2020ರ ಜನವರಿಯಲ್ಲಿ ಹುಮನಾಬಾದಿನ ಜಾತ್ರೆಯಿಂದ ರಾತ್ರಿ ಮರಳುವಾಗ ತಲೆಯೆತ್ತಿದೆ. ಆರಿದ್ರಾ ನಕ್ಷತ್ರ ಎಂದಿನಂತೆ ಇರಲಿಲ್ಲ. ಬೇಟೆಗಾರನ ಒಂದು ಹೆಗಲ ಮೇಲೆ ಕೆಂಪಾಗಿ ಉರಿಯಬೇಕಾದದ್ದು, ರೋಹಿಣಿಗಿಂತ ಮಂಕಾಗಿ ಇನ್ನೊಂದು ಹೆಗಲ ಚುಕ್ಕಿಯ ಮಟ್ಟಕ್ಕೆ ಇಳಿಯುತ್ತಿತ್ತು. ಇನ್ನೇನು ಸೂಪರ್‌ನೋವಾ ಆಗುತ್ತದೆ ಎಂದು ಪೇಪರಿನಲ್ಲಿ ಬಂತು. ಆಗಲಿಲ್ಲ. ಅದು ತಾನೇ ಉಗುಳಿದ ಧೂಳು ಅದಕ್ಕೆ ಅಡ್ಡ ಬಂದಿತ್ತು. ಬೇಸಿಗೆಯ ಹೊತ್ತಿಗೆ ಬಣ್ಣ ಮರಳಿತು. ಇದನ್ನು ಹಳೆಯ ಡೈರಿಯೊಂದರಲ್ಲಿ ಬರೆದಿಟ್ಟಿದ್ದೇನೆ: ರೋಹಿಣಿ, ಆರಿದ್ರಾ, ಎಡ ಬಲ ಹೆಗಲು, ತಾರೀಖು ಸಮೇತ. ಮೊಮ್ಮಗಳಿಗೆ ಇದೇ ಮೊದಲ ಪಾಠವಾಯಿತು.

ಊರಲ್ಲಿ ಈಗ ಬೀದಿದೀಪ ಹೆಚ್ಚಾಗಿದೆ. ಒಳ್ಳೆಯದೇ. ಹಾವು ಚೇಳಿನ ಊರಿನಲ್ಲಿ ಕತ್ತಲೆಯನ್ನು ಹೊಗಳುವುದು ಮಾಳಿಗೆಯ ಮೇಲೆ ಮಲಗಿದವನಿಗೆ ಸುಲಭ. ಆದರೆ ಆಕಾಶಕ್ಕೆ ಬೆಳಕು ಚೆಲ್ಲುವ ದೀಪದಿಂದ ಚೇಳು ಕಾಣುವುದಿಲ್ಲ. ದೀಪಕ್ಕೆ ಮೇಲೊಂದು ಮುಚ್ಚಳ ಸಾಕು. ನಮ್ಮ ಮನೆ ಎದುರಿನ ಕಂಬಕ್ಕೆ ಅಂಥದ್ದೊಂದು ಹಾಕಿಸುವ ಮಾತು ನಡೆದಿದೆ.

ಮೊನ್ನೆ ಮೊಮ್ಮಗಳು ಲೆಕ್ಕ ಹಾಕಿ, “ಅಜ್ಜಾ, ಈ ಸಲ ಬಿಟ್ರ ಮುಂದಿನ ಸಲಕ್ಕ ನಂಗ ತೊಂಬತ್ತರ ಮ್ಯಾಲ ಆಗ್ತದ. ನಿಂಗ?” ಎಂದಳು. ಉತ್ತರ ಅವಳಿಗೇ ಹೊಳೆದು ಸುಮ್ಮನಾದಳು. “ನೀನು ನೋಡಿದರೆ ನನಗೆ ಫೋನ್ ಮಾಡು, ನಾನು ನೋಡಿದರೆ ನಿನಗೆ ಮಾಡುತ್ತೇನೆ, ರಾತ್ರಿ ಎಷ್ಟು ಹೊತ್ತಾದರೂ ಸರಿ” ಎಂದು ಒಪ್ಪಂದವಾಗಿದೆ. ಶಾಲೆ ಶುರುವಾದರೆ ಅವಳು ಕಲಬುರಗಿಗೆ ಹೋಗುತ್ತಾಳೆ. ನೋಟ್‌ಬುಕ್ ಜೊತೆಗೇ ಹೋಗುತ್ತದೆ, ಇಲ್ಲಿಗೆ ಇನ್ನೊಂದು ತಂದಿದ್ದೇನೆ. ಜೂನ್ ಬಂದರೆ ಮೋಡ. ಮೋಡ ಇದ್ದ ದಿನ ‘ಇಲ್ಲ’ ಎಂದು ಬರೆಯಬಾರದು, ‘ಮೋಡ’ ಎಂದು ಬರೆಯಬೇಕು. ಅದನ್ನೂ ಅವಳಿಗೆ ಹೇಳಿದ್ದೇನೆ.